ಅಯ್ಯಪ್ಪ ಟೈಲ್ಸ್ ಕೇಳಿದ್ನಾ?

ಕೊಡಗಿನಲ್ಲಿ ದೇವರ ಹೆಸರಲ್ಲಿ ಕಡಿಯದೆ ಬಿಟ್ಟ ಕಾಡು, ಅಂದರೆ ದೇವರಕಾಡು. ಅದರ ಬಾಯಲ್ಲೇ ಸಿಮೆಂಟಿನ ರಾಶಿ. ಪಕ್ಕದಲ್ಲಿ ಖಾಲಿ ಚೀಲ, ಅದರೊಳಗೆ ಮಣ್ಣಿನ ನಾಯಿಗಳು. ಬೇಟೆಯ ದೇವರು ಅಯ್ಯಪ್ಪನಿಗೆ ಊರವರು ಹರಕೆ ಒಪ್ಪಿಸಿದ ನಾಯಿಗಳು. ಒಂದರ ಮೂತಿ ಮುರಿದಿದೆ, ಇನ್ನೊಂದರ ಬೆನ್ನಿಗೆ ಪಾಚಿ, ಮತ್ತೊಂದರ ಟೊಳ್ಳು ಹೊಟ್ಟೆಯಲ್ಲಿ ಇರುವೆ ಸಂಸಾರ. ಕೇಳಿದರೆ ಜೀರ್ಣೋದ್ಧಾರವಂತೆ. ಜೀರ್ಣವಾಗಿದ್ದು ಯಾವುದು ಸ್ವಾಮಿ, ಕಾಡಾ?

ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ಸ್ಪೀಕರ್ ಹಚ್ಚಿ ಕೇಕೆ ಹಾಕುವ ಪ್ರವಾಸಿಗಳನ್ನು ಬಾಯಿ ತುಂಬ ಬೈತೀವಿ. ಸರಿ, ಬೈಯಲೇಬೇಕು. ಆದರೆ ದೇವರಕಾಡಿಗೆ ಸಿಮೆಂಟು ಸುರಿಯುತ್ತಿರುವವರು ಬೆಂಗಳೂರಿನವರಲ್ಲ, ನಾವೇ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಅಂತ ಭಾಷಣದಲ್ಲಿ ಹೆಮ್ಮೆ. 1905ರಲ್ಲಿ 15,506 ಎಕರೆ ಇದ್ದದ್ದು 1985ಕ್ಕೆ 6,299 ಎಕರೆಗೆ ಇಳಿದ ಲೆಕ್ಕ ಮಾತ್ರ ಯಾರ ಬಾಯಲ್ಲೂ ಬರಲ್ಲ. ಉಳಿದಿರುವ ತುಂಡಿಗೂ ಈಗ ಇಂಟರ್‌ಲಾಕ್ ಟೈಲ್ಸ್.

ಮರದ ಬುಡಕ್ಕೆ ಕಟ್ಟೆ ಕಟ್ಟಿದರೆ ಆಗುವುದಿಷ್ಟು. ನೀರು, ಸಾರ ಹೀರುವ ಸಣ್ಣ ಬೇರುಗಳು ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅವಕ್ಕೆ ಗಾಳಿ ಬೇಕು. ಕಾಂಕ್ರೀಟ್ ಬಿದ್ದ ಮೇಲೆ ಗಾಳಿಯೂ ಇಲ್ಲ, ನೀರೂ ಇಂಗಲ್ಲ. ಕಟ್ಟೆಯೊಳಗೆ ತುಂಬಿದ ಮಣ್ಣಿಗೆ ತಾಗಿದ ತೊಗಟೆ ಮಳೆಗಾಲವಿಡೀ ಒದ್ದೆಯಾಗಿದ್ದು ಕೊಳೆಯುತ್ತದೆ. ಮೇಲೆ ನೋಡಿದರೆ ಹಸಿರೋ ಹಸಿರು. ನಾಲ್ಕಾರು ವರ್ಷ ಕಳೆದು ಒಂದು ಆಟಿ ತಿಂಗಳ ಮಳೆಗಾಳಿಗೆ ಧೂಪದ ಮರ ಬುಡಸಮೇತ ಹೊಸ ಗುಡಿಯ ಮೇಲೇ ಬೀಳುತ್ತದೆ. ಆಮೇಲೆ ಜೋಯಿಸರನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಟ್ಟು ದೇವರಿಗೆ ಯಾಕೆ ಮುನಿಸು ಅಂತ ಕೇಳ್ತೀವಿ!

ಇನ್ನು 'ಸ್ವಚ್ಛತೆ'. ತರಗೆಲೆ ಗುಡಿಸಿ, ಕುರುಚಲು ಸವರಿದಾಗ ಜತೆಗೆ ಹೋಗುವುದು ಮುಂದಿನ ತಲೆಮಾರಿನ ಮರಗಳ ಸಸಿ. ಬಿಸಿಲು ಬಿದ್ದಲ್ಲಿ ಲಂಟಾನ ಹಬ್ಬುತ್ತದೆ.

'ವಯಸ್ಸಾದವರು ಮಳೆಯಲ್ಲಿ ಎಲ್ಲಿ ಕೂರಬೇಕು?' ಅಂತೀರಿ. ಕಾಡಿನ ಹೊರಗೆ, ರಸ್ತೆ ಬದಿಗೆ ಶೀಟು ಹಾಕಿ. ಹಬ್ಬಕ್ಕೆ ಟಾರ್ಪಾಲು ಸಾಕು. ವಯಸ್ಸಾದವರು ಟೈಲ್ಸ್ ಕೇಳಿದ್ದನ್ನು ನಾನಂತೂ ಕೇಳಿಲ್ಲ; ಕೇಳುವವರು ಕಲ್ಲಿನ ಮೇಲೆ ಹೆಸರು ಕೆತ್ತಿಸಬೇಕಾದವರು.

ನನಗೆ ಮಂತ್ರ ಬರಲ್ಲ, ಒಪ್ಕೊಳ್ತೀನಿ. ಅಲ್ಲಿ ಬೇಕಾಗಿಯೂ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು, ಮಳೆಗಾಲವಾದರೆ ಜಿಗಣೆಗೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು, ಬೆಳಿಗ್ಗೆ ಬೇಗ ಹೋಗಿ. ಕರ್ಪೂರವನ್ನು ಬರಿಯ ಕಲ್ಲಿನ ಮೇಲೇ ಹಚ್ಚಿ, ಆರುವವರೆಗೆ ಕದಲಬೇಡಿ. ಫೆಬ್ರವರಿ, ಮಾರ್ಚಿನಲ್ಲಿ ಹಚ್ಚಲೇಬೇಡಿ, ತರಗೆಲೆಗೆ ಒಂದು ಕಿಡಿ ಸಾಕು. ಒಣ ಕಡ್ಡಿಯನ್ನೂ ಎತ್ತಿಕೊಂಡು ಬರಬೇಡಿ. ಕಾಲು ಗಂಟೆ ಬಾಯಿ ಮುಚ್ಚಿ ಕೂತರೆ ನಿಂತಿದ್ದ ಜೀರುಂಡೆ ಮತ್ತೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಏನು ಕೇಳಲು ಬಂದಿರಿ ಅನ್ನುವುದೇ ಮರೆತಿರುತ್ತದೆ.

ಊರ ಮುಖ್ಯಸ್ಥರಾದ ತಕ್ಕರೇ, ದೇವಸ್ಥಾನ ಸಮಿತಿಯವರೇ, ಸಿಮೆಂಟು ವಾಪಸು ಹೋಗುತ್ತೋ ಇಲ್ಲವೋ ಗೊತ್ತಿಲ್ಲ. ಆ ಚೀಲದಲ್ಲಿರುವ ನಾಯಿಗಳನ್ನು ಇವತ್ತೇ ಮರದ ಬುಡಕ್ಕೆ ಇಡಿ. ಮೂತಿ ಮುರಿದದ್ದನ್ನೂ ಸೇರಿಸಿ.