ಮಾವನಿಗೆ ಬಂದರು ತೋರಿಸಿದ್ದು

ಮುಂಬೈಗೆ ಬರುವ ನೆಂಟರಲ್ಲಿ ಹೆಚ್ಚಿನವರು ಗೇಟ್‌ವೇ ಆಫ್ ಇಂಡಿಯಾ, ಸಿದ್ಧಿವಿನಾಯಕ, ಜುಹು ಎಂದು ಹೇಳಿ ಸುಮ್ಮನಾಗುತ್ತಾರೆ. ಅವರನ್ನು ಟ್ಯಾಕ್ಸಿಯಲ್ಲಿ ಕೂರಿಸಿ ತಿರುಗಿಸಿ ತಂದರೆ ಆತಿಥ್ಯ ಮುಗಿಯಿತು. ಧಾರವಾಡದಿಂದ ಬಂದ ನನ್ನ ಸೋದರಮಾವ ಮಾತ್ರ ಬಂದರನ್ನೇ ನೋಡಬೇಕೆಂದು ಹಟ ಹಿಡಿದರು. ಅವರ ಅಜ್ಜ ಹತ್ತಿ ದಲಾಲಿಯಾಗಿದ್ದವರು. 1956ರವರೆಗೆ ಧಾರವಾಡದವರಿಗೆ ರಾಜಧಾನಿ ಎಂದರೆ ಮುಂಬಯಿಯೇ ಆಗಿತ್ತಾದ್ದರಿಂದ, ನಮ್ಮೂರ ಹತ್ತಿ ಹಡಗೇರಿದ ಜಾಗವನ್ನು ಕಣ್ಣಾರೆ ಕಾಣುವುದು ತಮ್ಮ ಹಕ್ಕು ಎಂಬುದು ಅವರ ವಾದ.

ತೊಂದರೆಯೆಂದರೆ, ಈ ಬಂದರುನಗರದಲ್ಲಿ ಬಂದರೊಂದನ್ನು ಬಿಟ್ಟು ಉಳಿದೆಲ್ಲವೂ ಸುಲಭವಾಗಿ ಕಾಣುತ್ತದೆ. ಸೂರ್ಯಾಸ್ತ, ಭೇಲ್‌ಪುರಿ, ಸಿನಿಮಾ ನಟರ ಬಂಗಲೆ ಎಲ್ಲವೂ ಪಶ್ಚಿಮದ ಕಡಲಿಗೆ ಮುಖ ಮಾಡಿವೆ. ಬಂದರು ಪೂರ್ವದಲ್ಲಿ, ನಗರಕ್ಕೂ ಒಳನಾಡಿಗೂ ನಡುವೆ, ಮುಂಗಾರಿನ ಅಲೆಗಳ ಹೊಡೆತ ತಾಗದ ನೀರಿನಲ್ಲಿ ಅಡಗಿ ಕುಳಿತಿದೆ. ಪೋರ್ಚುಗೀಸರು 1661ರ ಮದುವೆಯ ಒಪ್ಪಂದದಲ್ಲಿ ಮುಂಬಯಿಯನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಬಳುವಳಿಯಾಗಿ ಕೊಟ್ಟರು; ಅವನು ಅದನ್ನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ಇದನ್ನು ಹೇಳಿದ್ದೇ ತಡ, ಮಾವನವರು ನಮ್ಮ ಒಂದೂವರೆ ಕೋಣೆಯ ಮನೆಯನ್ನು ಸುತ್ತಲೂ ನೋಡಿ, ಇದಕ್ಕೆ ತಿಂಗಳಿಗೆ ಎಷ್ಟು ಕೊಡುತ್ತೀ ಎಂದು ಕೇಳಿದರು. ನಾನು ರೈಲಿಗೆ ಹೊತ್ತಾಯಿತು ಎಂದೆ.

ವಡಾಲಾದಲ್ಲಿ ಹಾರ್ಬರ್ ಮಾರ್ಗದ ಲೋಕಲ್ ಹತ್ತಿದೆವು. ಹೆಸರಿನಲ್ಲಿಯೇ ಬಂದರು ಇರುವುದರಿಂದ ಮಾವನವರು ಎಡಗಡೆಯ ಕಿಟಕಿ ಹಿಡಿದು, ಕನ್ನಡಕ ಒರೆಸಿಕೊಂಡು ಸಿದ್ಧರಾದರು. ಶಿವಡಿ ಬಂತು, ಗೋಡೆ ಕಂಡಿತು. ಮುಂದೆ ಗೋದಾಮು, ಗೋದಾಮಿನ ಹಿಂದೆ ಇನ್ನೊಂದು ಗೋಡೆ. ಕಾಟನ್ ಗ್ರೀನ್ ಎಂಬ ಹಲಗೆ ಕಂಡದ್ದೇ ಅವರು ನನ್ನನ್ನು ಕೇಳದೆ ಇಳಿದುಬಿಟ್ಟರು. ಹೊರಡುತ್ತಿದ್ದ ರೈಲಿನಿಂದ ನಾನು ಅವರ ಹಿಂದೆ ಜಿಗಿದದ್ದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಅವರ ಉತ್ಸಾಹಕ್ಕೆ ಕಾರಣವಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಮುಂಬಯಿಯ ಕಡೆ ಕೈಚಾಚಿದವು, ಈ ಊರು ಒಮ್ಮೆಲೇ ಹಣದಲ್ಲಿ ಹೊರಳಾಡಿತು; ಆ ಪೇಟೆಯಲ್ಲಿ ಕುಮಟಾ, ಧಾರವಾಡ ಎಂಬವು ಹತ್ತಿಯ ತಳಿಗಳ ಹೆಸರಾಗಿದ್ದವು. ಆದರೆ ಗೋದಾಮಿನ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರನಿಗೆ ಈ ವಿಚಾರ ತಿಳಿದಿರಲಿಲ್ಲ. ಮಾವನವರು ತಮ್ಮ ಧಾರವಾಡಿ ಹಿಂದಿಯಲ್ಲಿ ಕುಮಟಾ ಹತ್ತಿಯ ಬಗ್ಗೆ ವಿಚಾರಿಸಿದರೆ, ಆತ ಕುಮಟಾ ಎಂಬುದು ಯಾವುದೋ ಸಾಗಣೆ ಕಂಪನಿಯೆಂದು ತಿಳಿದು, ಅವರ ಆಫೀಸು ಇಲ್ಲಿಂದ ಖಾಲಿಯಾಗಿ ಬಹಳ ದಿನವಾಯಿತು ಎಂದು ಗಂಭೀರವಾಗಿ ಉತ್ತರಿಸಿದ.

ಹಡಗುಕಟ್ಟೆಯ ಗೇಟಿನಲ್ಲಿ ಪಾಸಿಲ್ಲದೆ ಒಳಗೆ ಬಿಡುವುದಿಲ್ಲವೆಂದರು. ಮಾವನವರನ್ನು ಸಮಾಧಾನಪಡಿಸಲು ನಾನು 1944ರ ಏಪ್ರಿಲ್ 14ರ ಕಥೆ ಹೇಳಿದೆ: ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಮದ್ದುಗುಂಡು, ಚಿನ್ನದ ಗಟ್ಟಿ, ಹತ್ತಿ ಎಲ್ಲವನ್ನೂ ಒಟ್ಟಿಗೆ ತುಂಬಿದ್ದರು; ಬೆಂಕಿ ಬಿದ್ದು ಹಡಗು ಸಿಡಿದಾಗ ನೂರಾರು ಜನ ಸತ್ತರು, ಚಿನ್ನದ ಗಟ್ಟಿಗಳು ಹಾರಿ ಊರೊಳಗೆ ಬಿದ್ದವು. ಎಲ್ಲವನ್ನೂ ಕೇಳಿದ ಮಾವ, ಹತ್ತಿ ಯಾವ ಊರಿನದು ಎಂದರು. ಕರಾಚಿಯಲ್ಲಿ ಏರಿಸಿದ್ದು ಎಂದಾಗ ಅವರ ಮುಖ ಸಡಿಲವಾಯಿತು. ಈಗ ದೊಡ್ಡ ಕಂಟೇನರ್ ಹಡಗುಗಳೆಲ್ಲ ಎದುರು ದಡದ ನ್ಹಾವಾ ಶೇವಾಕ್ಕೆ ಹೋಗುತ್ತವೆ, ಅಲ್ಲಿನ ಬಂದರು 1989ರಲ್ಲಿ ಶುರುವಾಯಿತು ಎಂಬುದನ್ನು ಆಗ ಬಾಯಿಬಿಡುವುದು ಕ್ಷೇಮವೆನಿಸಲಿಲ್ಲ.

ಕಡೆಗೆ ಪಾಸು ಕೇಳದ ಒಂದೇ ಕಟ್ಟೆ ನೆನಪಾಯಿತು, ಭಾವೂಚಾ ಧಕ್ಕಾ. ಎದುರು ದಡದ ಮೋರಾ, ರೇವಸ್‌ಗೆ ಲಾಂಚ್ ಹೊರಡುವ ಜಾಗವದು. ದೂರದಲ್ಲಿ ಲಂಗರು ಹಾಕಿದ ಹಡಗುಗಳೂ ಕಾಣುತ್ತವೆ. ಅದು ಮೀನುಗಾರರ ಕಟ್ಟೆಯೂ ಹೌದೆಂಬುದನ್ನು ಈರುಳ್ಳಿಯನ್ನೂ ಮುಟ್ಟದ ಮಾವನವರಿಗೆ ಹೇಳುವ ಅಗತ್ಯ ಬೀಳಲಿಲ್ಲ, ಗಾಳಿಯೇ ಮೊದಲು ಹೇಳಿತು. ಅವರು ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು, ಉಳಿದ ಕೈಯಿಂದ ಹಡಗು ಎಣಿಸುತ್ತ ನಿಂತಿದ್ದಾಗ, ಹಿಂದಿನಿಂದ ಬುಟ್ಟಿ ಹೊತ್ತ ಮೀನುಗಾರ ಹೆಂಗಸೊಬ್ಬಳು ಯಾರೋ ಕೂಗಿದರೆಂದು ಗಕ್ಕನೆ ತಿರುಗಿದಳು. ಬುಟ್ಟಿಯ ತಳದಲ್ಲಿದ್ದ ಮಂಜುಗಡ್ಡೆಯ ನೀರು, ಬೊಂಬಿಲ್ ಮೀನಿನ ಲೋಳೆ ಸಮೇತ, ಅವರ ಹೆಗಲಿನಿಂದ ಜುಬ್ಬಾದ ಜೇಬಿನವರೆಗೆ ನೇರವಾಗಿ ಇಳಿಯಿತು. ಅವಳು ಮರಾಠಿಯಲ್ಲಿ ಬೈದಳು. ದಾರಿಯಲ್ಲಿ ನಿಂತವರು ಅವರೇ ಆದ್ದರಿಂದ ನಾವೇ ಕ್ಷಮೆ ಕೇಳಿದೆವು.

ಡಾಕ್‌ಯಾರ್ಡ್ ರೋಡ್ ನಿಲ್ದಾಣಕ್ಕೆ ಬರುವಾಗ ಸಂಜೆಯ ಜಾತ್ರೆ ಏರಿತ್ತು. ಉಸಿರಾಡಲು ಸರದಿ ಕಾಯಬೇಕಾದ ಆ ಡಬ್ಬಿಯಲ್ಲಿ ನಾವು ಕಾಲಿಟ್ಟದ್ದೇ ಜನ ಎರಡೂ ಬದಿಗೆ ಸರಿದರು, ಕಿಟಕಿಯ ಪಕ್ಕದವನು ಮುಂದಿನ ನಿಲ್ದಾಣದಲ್ಲಿ ಇಳಿಯುವವನಂತೆ ಎದ್ದುಹೋಗಿ ಬಾಗಿಲ ಬಳಿ ನಿಂತ. ಟಿಕೆಟ್ ತಪಾಸಣೆಯವರು ಬಂದಾಗ ಮಾವನವರು ಜೇಬಿಗೆ ಕೈ ಹಾಕಿ ಹೊರತೆಗೆದರೆ ಟಿಕೆಟ್ಟಿಗೆ ಸಣ್ಣದೊಂದು ಸಿಗಡಿ ಅಂಟಿಕೊಂಡಿತ್ತು. ತಪಾಸಣೆಯವರು ದೂರದಿಂದಲೇ ಕೈಮುಗಿದು ಮುಂದೆ ಹೋದರು. ಮಾವನವರು ಕಾಲು ಚಾಚಿ ಕುಳಿತು, “ಇಷ್ಟ ಆರಾಮ ಗಾಡಿ ಅದ, ದಿನಾ ಫೋನಿನ್ಯಾಗ ಯಾಕ ಅಳತೀಯೋ ನೀ?” ಎಂದರು.