ಸೌಂಡ್ ಬಾಕ್ಸಿಗೆ ಸಿಎ ಪದವಿ ಕೊಡಿ

ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟಿಗೆ ಸ್ಕ್ಯಾನ್ ಮಾಡಿ ನೋಡಿ. ಮೂಲಂಗಿ ಪಕ್ಕ ಕೂತಿರುವ ಪುಟ್ಟ ಡಬ್ಬಿ ಇಡೀ ಸಂತೆಗೆ ಕೇಳುವ ಹಾಗೆ ಕೂಗುತ್ತದೆ. ಅದಕ್ಕೆ ಬಾಡಿಗೆ ಕಟ್ಟುವವನು ಅಂಗಡಿಯವನೇ. ಆದರೂ ಅವನ ಮುಲಾಜಿಗೆ ಬೀಳುವುದಿಲ್ಲ. ಹತ್ತು ಬಂದರೆ ಹತ್ತು, ಬರಲಿಲ್ಲವೋ ಬಾಯೇ ಬಿಡುವುದಿಲ್ಲ. ಇದಕ್ಕಿಂತ ನಿಯತ್ತಿನ ಆಡಿಟರ್ ಈ ದೇಶದಲ್ಲಿ ಇದ್ದರೆ ತೋರಿಸಿ.

2025ರ ಜುಲೈನಲ್ಲಿ ಈ ಡಬ್ಬಿಯ ಪ್ರತಾಪ ಕರ್ನಾಟಕಕ್ಕೆಲ್ಲ ಗೊತ್ತಾಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ಸಣ್ಣ ವ್ಯಾಪಾರಿಗಳಿಗೆ ಸಾವಿರಗಟ್ಟಲೆ ನೋಟಿಸ್ ಹಂಚಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ತೆರಿಗೆ ಬಾಬ್ತು 29 ಲಕ್ಷ. ನಾಲ್ಕು ವರ್ಷದಲ್ಲಿ ಅವರ ಖಾತೆಗೆ 1.63 ಕೋಟಿ ಬಂದಿತ್ತಂತೆ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನುವುದು ಸಣ್ಣ ವಿಷಯ, ಬಿಡಿ. ಬೆಂಗಳೂರಿನ ಬೇಕರಿ, ಟೀ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನೋ ಯುಪಿಐ, ಓನ್ಲಿ ಕ್ಯಾಶ್' ಚೀಟಿ ಬಂತು. ವ್ಯಾಪಾರಿಗಳು ಬಂದ್ ಅಂದರು. ಕೊನೆಗೆ ಮುಖ್ಯಮಂತ್ರಿಗಳು ಹಳೇ ಬಾಕಿ ಕೇಳಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ಎಲ್ಲರೂ ಉಸಿರು ಬಿಟ್ಟರು.

ಈಗ ಹೈದರಾಬಾದಿಗೆ ಹೋಗೋಣ. ಅಲ್ಲಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್ ಹತ್ತಿರ ಸೌಂಡ್ ಬಾಕ್ಸ್ ಇರಲಿಲ್ಲ, ಪ್ರೈಸ್ ವಾಟರ್‌ಹೌಸ್ ಅನ್ನುವ ದೊಡ್ಡ ಆಡಿಟ್ ಸಂಸ್ಥೆ ಇತ್ತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಆ ದುಡ್ಡಿನ ಮೇಲೆ ಬಂದಿದೆ ಅಂತ ಬರೆದ 376 ಕೋಟಿ ಬಡ್ಡಿಯೂ ಇಲ್ಲ. ಆಡಿಟರ್ ನೇರವಾಗಿ ಬ್ಯಾಂಕಿಗೇ ಬರೆದು 'ಇಷ್ಟು ದುಡ್ಡು ಇದೆಯೇನಪ್ಪಾ' ಅಂತ ಕೇಳಬೇಕು. ಇದು ಈ ಕಸುಬಿನ ಮೊದಲ ಪಾಠ. ಆ ಕೆಲಸವನ್ನೂ ಕಂಪನಿಯ ಕೈಗೇ ಬಿಟ್ಟಿದ್ದರು ಅಂತ ಆಮೇಲೆ ಅಮೆರಿಕದ ಷೇರುಪೇಟೆಯ ಕಾವಲು ಸಂಸ್ಥೆ ಎಸ್‌ಇಸಿ ಪತ್ತೆ ಹಚ್ಚಿತು. ಕಳ್ಳನ ಕೈಗೇ ಕೀಲಿಕೈ!

ನನಗೆ ಜಾಸ್ತಿ ಇಷ್ಟವಾಗುವುದು ಇದರ ಮುಂದಿನ ಅಧ್ಯಾಯ. ಲಾಭ ಸುಳ್ಳು, ಅದಕ್ಕೆ ಕಟ್ಟಿದ ತೆರಿಗೆ ಮಾತ್ರ ನಿಜ! ಹಗರಣ ಹೊರಬಿದ್ದ ಮೇಲೆ ಕಂಪನಿಯ ಹೊಸ ಆಡಳಿತ ಮಂಡಳಿ, ಸ್ವಾಮಿ ಆ ಆದಾಯವೇ ಇರಲಿಲ್ಲ, ಲೆಕ್ಕ ತಿದ್ದಿಕೊಳ್ಳಿ ಅಂತ ನೇರ ತೆರಿಗೆ ಮಂಡಳಿಗೆ ಅರ್ಜಿ ಹಾಕಿತು. ಮಂಡಳಿ ಒಪ್ಪಲಿಲ್ಲ. ವ್ಯಾಜ್ಯ ಕೋರ್ಟಿಂದ ಕೋರ್ಟಿಗೆ ವರ್ಷಗಟ್ಟಲೆ ಅಲೆಯಿತು.

ಆಡಿಟರ್ ಗತಿ ಏನಾಯಿತು? 2018ರಲ್ಲಿ, ಅಂದರೆ ಒಂಬತ್ತು ವರ್ಷ ಯೋಚನೆ ಮಾಡಿ, ನಮ್ಮ ಷೇರುಪೇಟೆ ಕಾಯುವ ಸೆಬಿ ಎರಡು ವರ್ಷ ನಿಷೇಧ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಅದನ್ನೂ ತೆಗೆದುಹಾಕಿತು. ಆಡಿಟರನ್ನು ನಿಷೇಧಿಸುವುದು ಸೆಬಿಯ ಕೆಲಸ ಅಲ್ಲವಂತೆ.

ಅಷ್ಟರಲ್ಲಿ ರಸ್ತೆ, ಸೇತುವೆಯಂಥ ಯೋಜನೆಗಳಿಗೆ ಸಾಲ ಕೊಡುವ ಐಎಲ್ ಅಂಡ್ ಎಫ್‌ಎಸ್ ಕಂಪನಿ ಮಕಾಡೆ ಬಿದ್ದಿತ್ತು. ಮುನ್ನೂರಕ್ಕೂ ಹೆಚ್ಚು ಮರಿ ಕಂಪನಿ, ಸುಮಾರು 91,000 ಕೋಟಿ ಸಾಲ. ಬೀಳುವ ಕೆಲವೇ ವಾರಗಳ ಮುಂಚೆಯೂ ಸಾಲ ತೀರಿಸುವ ತಾಕತ್ತು ಅಳೆಯುವ ರೇಟಿಂಗ್ ಸಂಸ್ಥೆಗಳು ಮೇಲ್ದರ್ಜೆಯ ಅಂಕ ಕೊಟ್ಟಿದ್ದವು. ಅದರಲ್ಲಿ ಅತಿ ಹೆಚ್ಚು ಷೇರು ಯಾರದ್ದು ಗೊತ್ತಾ? ಎಲ್‌ಐಸಿಯದ್ದು. ನೀವು ತೆರಿಗೆ ಉಳಿಸೋಣ ಅಂತ ಮಾರ್ಚ್ ಕೊನೇ ವಾರ ಪಾಲಿಸಿ ಮಾಡಿಸಿದಿರಲ್ವಾ, ಅದೇ ಎಲ್‌ಐಸಿ. 2018ರ ಅಕ್ಟೋಬರ್ 1ರಂದು ಸರ್ಕಾರ ಕಂಪನಿಯ ಮಂಡಳಿಯನ್ನು ಕಿತ್ತುಹಾಕಿತು. ಆಡಿಟರುಗಳ ಮೇಲೆ ಕಣ್ಣಿಡಲು ಎನ್‌ಎಫ್‌ಆರ್‌ಎ ಅನ್ನುವ ಪ್ರಾಧಿಕಾರ ಹುಟ್ಟಿದ್ದೂ ಅದೇ ದಿನ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆಗೆ ತಾರೀಖು ಸಮೇತ ಸಾಕ್ಷಿ ಸಿಕ್ಕಿತು.

ಕಂಪನಿಗಳನ್ನೇ ಯಾಕೆ ಬೈಯಬೇಕು, ಸರ್ಕಾರದ ಪುಸ್ತಕವನ್ನೂ ತೆರೆಯಿರಿ. ಅಜ್ಜಿ ಅಂಚೆ ಕಚೇರಿಯಲ್ಲಿ ಇಟ್ಟ ದುಡ್ಡು ಸಣ್ಣ ಉಳಿತಾಯ ನಿಧಿಗೆ ಹೋಗುತ್ತದೆ. ಆಹಾರ ಸಬ್ಸಿಡಿಯ ಬಾಕಿಯನ್ನು ಸರ್ಕಾರ ಪೂರ್ತಿ ಕೊಡದೆ, ಆಹಾರ ನಿಗಮಕ್ಕೆ 'ಆ ನಿಧಿಯಿಂದ ಸಾಲ ತಗೋ' ಅಂದಿತು. ಸಾಲ ನಿಗಮದ ತಲೆಗೆ, ಕೊರತೆ ಕಡಿಮೆ ಮಾಡಿದ ಕೀರ್ತಿ ದಿಲ್ಲಿಗೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಬೊಟ್ಟು ಮಾಡಿ ತೋರಿಸಿದರೂ ಆಟ ನಡೆದೇ ಇತ್ತು. 2021ರ ಬಜೆಟ್ಟಿನಲ್ಲಿ ಆ ಸಾಲವನ್ನು ಸರ್ಕಾರದ ಲೆಕ್ಕಕ್ಕೆ ತಂದರು. ಇದನ್ನೇ ಒಂದು ಕಿರಾಣಿ ಅಂಗಡಿ ಮಾಡಿದ್ದರೆ ಎಷ್ಟು ನೋಟಿಸ್ ಬರುತ್ತಿತ್ತೋ.

2019ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟ್ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಅಂತ ಸರ್ಕಾರವೇ ಹೆಮ್ಮೆಯಿಂದ ಹೇಳಿತು. 2025-26ರ ಬಜೆಟ್ಟಿನಲ್ಲಿ ಒಂದು ರೂಪಾಯಿಯ ಲೆಕ್ಕ ಹೀಗಿದೆ: ಬರುವುದರಲ್ಲಿ ಸಾಲ 24 ಪೈಸೆ, ನಮ್ಮ ನಿಮ್ಮ ಆದಾಯ ತೆರಿಗೆ 22, ಕಂಪನಿಗಳ ತೆರಿಗೆ 17. ಹಳೇ ಸಾಲದ ಬಡ್ಡಿಗೆ ಹೋಗುವುದು 20. ಅಂದರೆ ದೇಶದ ಎಲ್ಲ ಕಂಪನಿಗಳೂ ಸೇರಿ ಕಟ್ಟಿದ ತೆರಿಗೆ ಪೂರಾ ಸುರಿದರೂ ಬಡ್ಡಿಗೇ ಮೂರು ಪೈಸೆ ಕಡಿಮೆ ಬೀಳುತ್ತದೆ.

ಆ ಮೂರು ಪೈಸೆಯ ಚಿಂತೆ ದೊಡ್ಡವರಿಗೆ ಇಲ್ಲ ಅಂತಲ್ಲ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಜೈಸಲ್ಮೇರಿನಲ್ಲಿ ಕೂತು ಪಾಪ್‌ಕಾರ್ನ್ ವಿಚಾರಣೆ ಮಾಡಿತು. ಆಗಿನ ತೀರ್ಪು: ಉಪ್ಪು ಹಾಕಿ ಬಿಡಿಯಾಗಿ ಮಾರಿದರೆ ಶೇ. 5, ಪ್ಯಾಕೆಟ್ಟಿಗೆ ತುಂಬಿ ಹೆಸರು ಅಂಟಿಸಿದರೆ 12, ಸಕ್ಕರೆ ಪಾಕ ಸವರಿದರೆ 18. ಹುರಿದ ಜೋಳದೊಳಗೆ ಇಷ್ಟು ಆಳಕ್ಕೆ ಇಳಿಯುವವರು, ಸತ್ಯಂ ಕಾಲದಲ್ಲಿ ಒಂದು ಸಲ ಬ್ಯಾಂಕಿಗೆ ಫೋನ್ ಮಾಡಿದ್ದರೆ ಸಾಕಿತ್ತು.