ಹನ್ನೆರಡು ಎಂಸಿಬಿ, ಒಂದಕ್ಕೂ ಹೆಸರಿಲ್ಲ

ನಮ್ಮ ಮನೆಯ ವೈರಿಂಗ್ ಮಾಡಿದವನಿಗೆ ಪೆನ್ನು ಹಿಡಿಯಲು ಏನು ಕಷ್ಟವಿತ್ತು?

ಶಿರಸಿಯ ಮಳೆ ಗೊತ್ತಲ್ಲ, ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಮೊನ್ನೆ ರಾತ್ರಿ ಇನ್ವರ್ಟರಿನ ಎರಡು ದೀಪ ಬಿಟ್ಟು ಮನೆಯೆಲ್ಲ ಕತ್ತಲಾಯಿತು. ಪಕ್ಕದ ಮನೆಯಲ್ಲಿ ಕರೆಂಟ್ ಇತ್ತು; ಬಿದ್ದದ್ದು ನಮ್ಮ ಆರ್‌ಸಿಸಿಬಿ. ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಅದನ್ನು ಬೈಯುವುದಿಲ್ಲ. 30 ಮಿಲಿಆಂಪಿಯರ್ ಸೋರಿದರೆ ಬೀಳಲೇಬೇಕು, ಜೀವ ಉಳಿಸುವುದೇ ಅದರ ಕೆಲಸ. ಆದರೆ ಸೋರುತ್ತಿರುವುದು ಎಲ್ಲಿ? ಬಾಕ್ಸ್ ತೆರೆದರೆ ಹನ್ನೆರಡು ಎಂಸಿಬಿ (ಒಂದೊಂದು ಲೈನಿಗೆ ಒಂದೊಂದು ಸುರಕ್ಷತಾ ಸ್ವಿಚ್) ಸಾಲಾಗಿ ನಿಂತಿವೆ, ಒಂದರ ಕೆಳಗೂ ಅಕ್ಷರವಿಲ್ಲ. ಹೆಸರು ಬರೆಯಲೆಂದು ಬಾಕ್ಸಿನ ಜೊತೆಗೇ ಬಂದ ಚೀಟಿ ಮುಚ್ಚಳದ ಒಳಗೆ ಬೆಳ್ಳಗೆ ಖಾಲಿ ಕುಳಿತಿದೆ.

ಮಂಡಿನೋವಿನ ಆಯಿ ಬ್ಯಾಟರಿ ಹಿಡಿದು ನಿಂತಳು. ಹನ್ನೆರಡನ್ನೂ ಕೆಳಗೆ ಮಾಡಿ ಒಂದೊಂದೇ ಎತ್ತುತ್ತಾ ಹೋದೆ. ಒಂಬತ್ತನೆಯದನ್ನು ಎತ್ತಿದ ಕೂಡಲೇ ಆರ್‌ಸಿಸಿಬಿ ಫಟ್ಟೆಂದು ಬಿತ್ತು. ಸರಿ, ಒಂಬತ್ತನೆಯದು ಯಾವುದಕ್ಕೆ? ಅದನ್ನು ತಿಳಿಯಲು ಬಚ್ಚಲಿನಿಂದ ಕೊಟ್ಟಿಗೆಯವರೆಗೆ ಒಂದು ಗಂಟೆ ಓಡಾಡಬೇಕಾಯಿತು. ಕೊನೆಗೆ ಸಿಕ್ಕಿದ್ದು ಕೊಟ್ಟಿಗೆಯ ಹೊರಗಿನ ದೀಪ, ಹೋಲ್ಡರಿನೊಳಗೆ ನೀರು. ಅದೇ ಲೈನಿನಲ್ಲಿ ಅಡುಗೆಮನೆಯ ಫ್ರಿಜ್ಜನ್ನೂ ಸೇರಿಸಿದ್ದಾನೆ! ಕೊಟ್ಟಿಗೆ ಎಲ್ಲಿ, ಫ್ರಿಜ್ ಎಲ್ಲಿ?

ಮರುದಿನ ರಿಪೇರಿಗೆ ಬಂದ ಹುಡುಗ ಮೇನ್ ಸ್ವಿಚ್ ಆಫ್ ಮಾಡಿ ಜಗಲಿಯ ಬೋರ್ಡ್ ಬಿಚ್ಚಿದ. ಪುಣ್ಯಕ್ಕೆ ಮೊದಲು ಟೆಸ್ಟರ್ ಇಟ್ಟ. ಅದು ಉರಿಯಿತು. ಆ ಬೋರ್ಡಿಗೆ ಇನ್ವರ್ಟರಿನ ಲೈನ್ ಬಂದಿದೆ, ಮೇನ್ ಆಫ್ ಮಾಡಿದರೂ ಅದರಲ್ಲಿ 230 ವೋಲ್ಟ್ ಜೀವಂತ. ಅವನು ಕೈ ಇಟ್ಟಿದ್ದರೆ ಅವನ ಮನೆಯವರಿಗೆ ನಾವು ಏನು ಹೇಳಬೇಕಿತ್ತು? 'ಇನ್ವರ್ಟರ್' ಎಂಬ ನಾಲ್ಕಕ್ಷರ ಬರೆಯದೆ ಹೋದವನಿಗೆ ನನ್ನಲ್ಲಿ ಕ್ಷಮೆಯಿಲ್ಲ.

ವೈರಿಂಗ್ ಮಾಡಿದವನಿಗೆ ಫೋನ್ ಮಾಡಿದರೆ, 'ನಾಲ್ಕು ವರ್ಷ ಆಯಿತಲ್ಲ, ಈಗ ನೆನಪಿಲ್ಲ' ಎನ್ನುತ್ತಾನೆ. ನೆನಪಿರುವುದಿಲ್ಲವೆಂದೇ ಬರೆದಿಡುವುದು! ಮನೆ ವೈರಿಂಗಿಗೆ ಐಎಸ್ 732 ಎಂಬ ಭಾರತೀಯ ಮಾನಕವೇ ಇದೆ, ಯಾವ ಸರ್ಕ್ಯೂಟ್ ಯಾವುದಕ್ಕೆಂದು ಗುರುತು ಹಾಕಬೇಕೆಂದು ಅದೂ ಹೇಳುತ್ತದೆ. ಹಣ ಎಣಿಸಿಕೊಳ್ಳುವಾಗ ಇಲ್ಲದ ಅವಸರ ಆ ಚೀಟಿಯ ಹತ್ತಿರ ಬಂದಾಗ ಮಾತ್ರ ಎಲ್ಲಿಂದ ಬರುತ್ತದೆ?

ಈಗ ನಾನೇ ಹನ್ನೆರಡಕ್ಕೂ ಹೆಸರು ಬರೆದು ಅಂಟಿಸಿದ್ದೇನೆ. ದೀಪಾವಳಿಯ ನಂತರ ಮಹಡಿಯ ಕೋಣೆಗೆ ವೈರಿಂಗ್ ಇದೆ. ಗಿಲಾವು ಹಾಕುವ ಮೊದಲು ಪೈಪಿನ ಫೋಟೋ ಕೊಡಬೇಕು, ಬಾಕ್ಸಿನ ಮೇಲೆ ಹೆಸರು ಬರೆಯಬೇಕು. ಅಲ್ಲಿಯವರೆಗೆ ಕೊನೆಯ ಕಂತು ನನ್ನ ಜೇಬಿನಿಂದ ಹೊರಗೆ ಬರುವುದಿಲ್ಲ.